ಒಬ್ಬಳದೇ ಫೋಟೊ

ರಜೆಯ ದಿನ ಮಧ್ಯಾಹ್ನದ ತನಕ ಮಲಗುವ ಹಣಮಂತ್ರಾಯ ಅಂದು ಬೆಳಿಗ್ಗೆಯೇ ಎದ್ದು, ಟ್ರಂಕಿನ ತಳದಿಂದ ತನ್ನ ಮದುವೆಯ ಬಿಳಿ ಧೋತರವನ್ನು ಹೊರಗೆ ತೆಗೆದ. ಕಿಟಕಿಯ ಕೆಳಗಿದ್ದ ಹಿಟ್ಟಿನ ಡಬ್ಬಿಗಳನ್ನು ಮೂಲೆಗೆ ಸರಿಸಿ ಚಾಪೆ ಹಾಸಿದ. ಅದರ ಮೇಲೆ ಧೋತರ ಹರಡಿ, ಸುಕ್ಕುಗಳನ್ನು ಅಂಗೈಯಿಂದ ತೀಡತೊಡಗಿದ. ರೊಟ್ಟಿ ಬಡಿಯುತ್ತಿದ್ದ ಸತ್ಯಮ್ಮ ಕೈ ನಿಲ್ಲಿಸಿ ನೋಡಿದಳು. ಮನೆಯ ಯಾವ ಕೆಲಸವನ್ನೂ ಇಷ್ಟು ಅಚ್ಚುಕಟ್ಟಾಗಿ ಮಾಡಿದವನಲ್ಲ ಅವನು.

“ಕೂಸಿಗಿ ತಗೊಂಬಾ,” ಅಂದ.

“ಯಾವ ಕೂಸಿಗಿ?”

“ಶರಣಿಗಿ.”

ಅವರಿಗೆ ಅವಳಿ ಹೆಣ್ಣುಮಕ್ಕಳು, ಶರಣಿ ಮತ್ತು ಗೌರಿ. ಇನ್ನೂ ವರ್ಷ ತುಂಬಿರಲಿಲ್ಲ. ಮೂಗು, ಹುಬ್ಬು, ಕಿವಿಯ ತಿರುವು ಎಲ್ಲ ಒಂದೇ ಅಚ್ಚು. ಗುರುತಿಗೆಂದು ಶರಣಿಯ ಕಾಲಿಗೆ ಕರಿದಾರ ಕಟ್ಟಿದ್ದರು, ಗೌರಿಯ ಕೈಗೆ. ಹಣಮಂತ್ರಾಯ ದಾರ ನೋಡಿಯೇ ಹೆಸರು ಕರೆಯುತ್ತಿದ್ದ. ಸತ್ಯಮ್ಮನಿಗೆ ದಾರ ಬೇಕಿರಲಿಲ್ಲ. ಬೆನ್ನು ತಿರುಗಿಸಿ ನಿಂತಿದ್ದರೂ ಅಳು ಕೇಳಿದರೆ ಯಾರು ಅಳುತ್ತಿದ್ದಾರೆಂದು ಅವಳು ಹೇಳಬಲ್ಲಳು.

“ಏನ್ ಮಾಡ್ಲತ್ತೀರಿ ಇದು?”

“ಪಾಸ್‌ಪೋರ್ಟ್ ಮಾಡಸ್ಬೇಕಲ್ಲ, ಅದಕ ಫೋಟೊ. ಸಣ್ಣ ಕೂಸಿನ ಫೋಟೊ ನಾವೇ ಒಯ್ಬೇಕಂತ.”

“ಪಾಸ್‌ಪೋರ್ಟಾ? ನಿಮಗಿಲ್ಲ, ನನಗಿಲ್ಲ. ಕೂಸಿಗ್ಯಾಕ?”

“ಇರ್ಲಿ ಅಂತ. ಅಣ್ಣ ಹೇಳ್ಯಾನ. ಮುಂದ ಕೆಲಸಕ್ಕ ಬರ್ತದ.”

“ಮತ್ತ ಗೌರಿದು?”

“ಮೊದಲ ಒಂದು ಆಗ್ಲಿ. ಆಮ್ಯಾಲ ಆಕಿದು ನೋಡೋಣ.” ಅವನು ಧೋತರದ ಅಂಚು ತೀಡುತ್ತಲೇ ಇದ್ದ. ಮಾರಿ ಮೇಲೆತ್ತಲಿಲ್ಲ.

ಅಣ್ಣ ಅಂದರೆ ಚಂದ್ರಾಮ. ಮಸ್ಕತ್ತಿನಲ್ಲಿ ಕ್ರೇನ್ ನಡೆಸುತ್ತಿದ್ದ. ಹೆಂಡತಿ ಮಾಲಾಳನ್ನೂ ಅಲ್ಲಿಗೇ ಕರೆಸಿಕೊಂಡಿದ್ದ. ಮದುವೆಯಾಗಿ ವರ್ಷಗಳು ಕಳೆದರೂ ಅವರಿಗೆ ಮಕ್ಕಳಿರಲಿಲ್ಲ. ಹಣಮಂತ್ರಾಯನಿಗೆ ಅಣ್ಣನ ಮಾತೆಂದರೆ ಎದುರಿಲ್ಲ. ಅಪ್ಪ ಸತ್ತ ಮೇಲೆ ಚಿತಾಪುರದ ಕಡೆಯ ಹಳ್ಳಿಯಲ್ಲಿ ಅವನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು, ಮುಂಬೈಗೆ ಕರೆತಂದು ತುರ್ಭೆ ಮಾರ್ಕೆಟ್ಟಿನಲ್ಲಿ ಈರುಳ್ಳಿ ಮೂಟೆ ಇಳಿಸುವ ಕೆಲಸಕ್ಕೆ ಹಚ್ಚಿದವನು, ಕಳವಾ ಸ್ಟೇಷನ್ನಿನ ಹತ್ತಿರ ಈ ಒಂದು ಕೋಣೆಯ ಖೋಲಿ ಹುಡುಕಿಕೊಟ್ಟವನು, ಎಲ್ಲ ಅವನೇ.

“ಫೋಟೊ ಸ್ಟೇಷನ್ ಹಂತ್ಯಾಕ ಸ್ಟುಡಿಯೊದಾಗ ತೆಗಸ್ರಲ್ಲ.”

“ಅಲ್ಲಿ ಲೈಟ್ ಬಿದ್ರ ಕೂಸು ಚೀರ್ತದ. ಮನ್ಯಾಗೇ ಆಗ್ತದಂತ. ಕೇಳಿಲ್ಲಿ.” ಅವನು ಮೊಬೈಲಿನಲ್ಲಿ ಅಣ್ಣನ ದನಿ ಹಚ್ಚಿದ. ಚಂದ್ರಾಮ ನಿಧಾನವಾಗಿ, ಶಾಲೆಯ ಮಾಸ್ತರನಂತೆ ಹೇಳುತ್ತಿದ್ದ: ಹಿಂದ ಪೂರಾ ಬಿಳಿ ಇರಬೇಕು. ಕಣ್ಣು ತೆರದಿರಬೇಕು, ಬಾಯಿ ಮುಚ್ಚಿರಬೇಕು. ನೆರಳು ಬೀಳಬಾರದು. ಹಿಡಕೊಂಡವ್ರ ಕೈಯಾಗ್ಲಿ ಬಳಿಯಾಗ್ಲಿ ಕಾಣಬಾರದು. ಕೂಸು ಒಂದೇ ಇರಬೇಕು.

ಕೊನೆಯ ಮಾತಿಗೆ ಸತ್ಯಮ್ಮ ಮಕ್ಕಳಿಬ್ಬರ ಕಡೆ ನೋಡಿದಳು.

ಶರಣಿಯನ್ನು ತಂದು ಧೋತರದ ಮೇಲೆ ಮಲಗಿಸಿದಳು. ಹಣಮಂತ್ರಾಯ ಕೂಸಿನ ಆಚೀಚೆ ಕಾಲಿಟ್ಟು, ಬಗ್ಗಿ, ಎರಡೂ ಕೈಯಲ್ಲಿ ಮೊಬೈಲ್ ಹಿಡಿದ. ಆಮೇಲೆ ಏನೋ ನೆನಪಾಗಿ ನೆಟ್ಟಗೆ ನಿಂತ. “ಗಲ್ಲದ ಬೊಟ್ಟು ಅಳಸು. ಕಪ್ಪು ನಡಿಯಂಗಿಲ್ಲಂತ.”

“ದೃಷ್ಟಿಬೊಟ್ಟು ಅಳಸಿ ಮಂದಿಗಿ ತೋರ್ಸಾಕ ಫೋಟೊ ತೆಗಿತೀರಿ?”

“ಮಂದಿ ಯಾರು ಇಲ್ಲಿ? ಅಳಸು ಅಂದ್ರ ಅಳಸು.”

ಅವಳು ಸೆರಗಿನ ತುದಿ ಒದ್ದೆ ಮಾಡಿ ಒರೆಸಿದಳು. ಬೊಟ್ಟು ಹೋಗುವ ಬದಲು ಗಲ್ಲದ ತುಂಬ ಹರಡಿತು. ಸೋಪು ಹಚ್ಚಿ ಒರೆಸಿದ್ದಕ್ಕೆ ಶರಣಿ ಚೀರಿದಳು. ಅವಳು ಸುಮ್ಮನಾಗುವಷ್ಟರಲ್ಲಿ ಹೊರಗೆ ಖಾಲಿ ಲೋಕಲ್ ರೈಲೊಂದು ಪಕ್ಕದ ಕಾರ್‌ಶೆಡ್ಡಿನೊಳಗೆ ಸರಿಯತೊಡಗಿ ಖೋಲಿಯೆಲ್ಲ ನಡುಗಿತು. ಮುಂದಿನ ಸಲ ಕೂಸು ಆಕಳಿಸಿತು. ಅದರ ಮುಂದಿನ ಸಲ ಬಲಗಡೆ ಹೊರಳಿತು. “ತಲಿ ಹಿಡಿ, ನಿನ್ನ ಕೈ ಕಾಣಬಾರದು” ಎಂದು ಅವನು ಹೇಳಿದಾಗ ಸತ್ಯಮ್ಮ ಧೋತರದ ಕೆಳಗೆ ಕೈ ತೂರಿಸಿ ಕೂಸಿನ ತಲೆಯನ್ನು ಹಿಡಿದಳು. ಅವನು ಗುಂಡಿ ಒತ್ತುವ ಹೊತ್ತಿಗೆ ಎರಡು ಬೆರಳನ್ನು ಮೆಲ್ಲಗೆ ಹೊರಗೆ ಚಾಚಿದಳು. ಯಾಕೆ ಹಾಗೆ ಮಾಡಿದಳೋ ಅವಳಿಗೇ ಸ್ಪಷ್ಟವಿರಲಿಲ್ಲ. ಬೇಕೆಂದೇ ಮಾಡಿದ್ದಳು ಎಂಬುದು ಮಾತ್ರ ಗೊತ್ತಿತ್ತು.

ಸಂಜೆ ಹಣಮಂತ್ರಾಯ ತೆಗೆದ ಫೋಟೊಗಳನ್ನೆಲ್ಲ ಅಣ್ಣನಿಗೆ ಕಳಿಸಿದ. ಒಂದೂ ನಡೆಯುವುದಿಲ್ಲವೆಂದು ಉತ್ತರ ಬಂತು.

ಅಂದಿನಿಂದ ಸತ್ಯಮ್ಮ ಗಂಡನನ್ನು ಗಮನಿಸತೊಡಗಿದಳು. ಮೊದಲು ಊಟ ಮಾಡುತ್ತಲೇ ಅಣ್ಣನ ಜೊತೆ ಮಾತಾಡುತ್ತಿದ್ದವನು ಈಗ ಫೋನ್ ಬಂದ ಕೂಡಲೇ ಚಪ್ಪಲಿ ಮೆಟ್ಟಿ ಹೊರಗೆ ನಡೆಯುತ್ತಿದ್ದ. ಗಲ್ಲಿಯ ಕೊನೆಯಲ್ಲಿ ಕಾರ್‌ಶೆಡ್ಡಿನ ಗೋಡೆಗೆ ಒರಗಿ ನಿಂತು ಮಾತಾಡುತ್ತಿದ್ದ. ನೀರು ತುಂಬುವ ನೆಪದಲ್ಲಿ ಅವಳು ಕೊಡ ಹಿಡಿದು ಹತ್ತಿರ ಹೋದರೆ ದನಿ ತಗ್ಗಿಸುತ್ತಿದ್ದ. ಒಮ್ಮೆ ತಿರುಗಿ ಬಂದವನು ಯಾವ ಪೀಠಿಕೆಯೂ ಇಲ್ಲದೆ ಕೇಳಿದ:

“ಇಬ್ಬರಾಗ ಬಾಟಲಿ ಹಾಲು ಚಲೋ ಕುಡಿತಾಳ್ಯಾರು?”

“ಯಾಕ?”

“ಹಂಗೇ ಕೇಳ್ದೆ.”

“ಇಬ್ಬರೂ ನನ್ನ ಹಾಲೇ ಕುಡಿತಾರ,” ಎಂದು ಅವಳು ಸುಳ್ಳು ಹೇಳಿದಳು. ಶರಣಿ ಬಾಟಲಿ ಹಾಲಿಗೆ ಹೊಂದಿಕೊಂಡು ಬಹಳ ದಿನವಾಗಿತ್ತು. ಅದು ಅವನಿಗೂ ಗೊತ್ತಿತ್ತು. ಅವನು ವಾದ ಮಾಡಲಿಲ್ಲ. ವಾದ ಮಾಡದೇ ಇದ್ದದ್ದು ಅವಳಿಗೆ ಇನ್ನೂ ಕೆಟ್ಟದೆನಿಸಿತು.

ಮಾಲಕ್ಕ ಒಂದು ಗಂಟು ಕಳಿಸಿದ್ದಳು, ಊರಿಗೆ ಬಂದವರ ಕೈಯಲ್ಲಿ. ಬಿಚ್ಚಿ ನೋಡಿದರೆ ಒಂದೇ ಫ್ರಾಕು, ಕಾಲರಿದ್ದ ಗಾಢ ನೀಲಿಯದು. “ಫೋಟೊಕ್ಕ ಬಣ್ಣ ಇದ್ರ ಚಲೋ ಅಂತ ಕಳಿಸ್ಯಾಳ,” ಅಂದ ಹಣಮಂತ್ರಾಯ. ಸತ್ಯಮ್ಮ ಆ ಫ್ರಾಕನ್ನು ಮಡಚಿ ಪಾತ್ರೆ ಕಪಾಟಿನ ಹಿಂದೆ ತುರುಕಿದಳು. ಮಕ್ಕಳು ಮಲಗಿದಾಗ ಪಕ್ಕದಲ್ಲಿ ಕೂತು ಎರಡೂ ಮುಖ ನೋಡಿದಳು. ಯಾವುದನ್ನು ತೆಗೆದರೂ ಇನ್ನೊಂದು ಉಳಿಯುತ್ತದಲ್ಲ ಎಂದು ಯಾರಾದರೂ ಲೆಕ್ಕ ಹಾಕಿದ್ದಾರೆಯೇ? ಹೀಗೆ ಯೋಚಿಸಿದ್ದಕ್ಕೆ ತನ್ನ ಮೇಲೇ ಅವಳಿಗೆ ಅಸಹ್ಯವಾಯಿತು. ಗಂಡ ಕುಡಿಯುವವನಲ್ಲ, ಹೊಡೆಯುವವನಲ್ಲ. ಮಕ್ಕಳು ಹುಟ್ಟಿದಾಗ ಮಾರ್ಕೆಟ್ಟಿನ ಕೆಲಸ ಮುಗಿಸಿ ಬಂದು ಆಸ್ಪತ್ರೆಯ ಕಾರಿಡಾರಿನಲ್ಲಿ ನೆಲದ ಮೇಲೆ ಮಲಗಿದವನು. ಆದರೂ ಸಂಶಯ ಹೋಗಲಿಲ್ಲ.

ಕೇಳಲು ಯಾರೂ ಇರಲಿಲ್ಲ. ಅಕ್ಕಪಕ್ಕದವರಿಗೆ ಹೇಳಿದರೆ ಗಲ್ಲಿಗೆಲ್ಲ ಗೊತ್ತಾಗುತ್ತಿತ್ತು. ಬಸುರಿಯಾಗುವ ಮೊದಲು ಅವಳು ನೆರೂಳಿನಲ್ಲಿ ನಳಿನಿಯವರ ಮನೆಯಲ್ಲಿ ಅಡುಗೆ ಮಾಡುತ್ತಿದ್ದಳು. ಮೈಸೂರು ಕಡೆಯ ಆಕೆ ಬ್ಯಾಂಕಿನಲ್ಲಿದ್ದರು. ಹಣಮಂತ್ರಾಯ ಕೆಲಸಕ್ಕೆ ಹೋದ ಮೇಲೆ ಅವರಿಗೆ ಫೋನ್ ಮಾಡಿದಳು.

“ಮೇಡಂ, ಸಣ್ಣ ಕೂಸಿಗಿ ಪಾಸ್‌ಪೋರ್ಟ್ ಆದ್ರ, ಅಪ್ಪ ಒಬ್ಬವ್ನೇ ಬ್ಯಾರೆ ದೇಶಕ್ಕ ಕಳಸಾಕ ಬರ್ತದೇನ್ರಿ?”

“ಯಾಕ್ ಸತ್ಯಮ್ಮ, ಏನಾಯ್ತು?”

“ಏನಿಲ್ರಿ, ಹಂಗೇ.”

“ಹಾಗೇ ಅಂತ ಯಾರೂ ಇಂಥದನ್ನ ಕೇಳಲ್ಲ. ನೋಡು, ಚಿಕ್ಕ ಮಗೂಗೆ ಪಾಸ್‌ಪೋರ್ಟ್ ಮಾಡಿಸ್ಬೇಕಾದ್ರೆ ಅಪ್ಪ ಅಮ್ಮ ಇಬ್ಬರದೂ ಒಪ್ಪಿಗೆ ಕೇಳ್ತಾರೆ. ನಿನ್ನ ಸಹಿ ಬೇಕಾಗುತ್ತೆ. ಏನು ಅಂತ ಗೊತ್ತಾಗದೆ ಎಲ್ಲೂ ಸಹಿ ಹಾಕ್ಬೇಡ. ನಿನ್ನ ಯಜಮಾನ್ರನ್ನ ನೇರವಾಗಿ ಕೇಳಿದ್ಯಾ?”

“ಕೇಳಿದ್ರ ಸುಳ್ಳ ಹೇಳ್ತಾರ್ರಿ.”

“ಅದು ನಿಂಗ್ ಹೇಗ್ ಗೊತ್ತು?”

ಕೂಸು ಅಳ್ಲತ್ತದ ಎಂದು ಹೇಳಿ ಸತ್ಯಮ್ಮ ಫೋನ್ ಇಟ್ಟಳು. ಫೋನ್ ಇಟ್ಟ ಮೇಲೂ ಆ ಪ್ರಶ್ನೆ ಉಳಿಯಿತು. ಕೇಳಲು ಅವಳಿಗೆ ಹೆದರಿಕೆಯಿತ್ತು. ಅವನು ಸುಳ್ಳು ಹೇಳಬಹುದೆಂದು ಅಷ್ಟಲ್ಲ, ನಿಜ ಹೇಳಿಬಿಟ್ಟರೆ ಎಂದು.

ಮುಂದಿನ ರಜೆಯ ದಿನ ಅವನು ಮತ್ತೆ ಧೋತರ ಹಾಸಿದ. ಈ ಸಲ ಕಾರ್‌ಶೆಡ್ಡಿಗೆ ಗಾಡಿ ಹೋಗುವ ಹೊತ್ತು ತಪ್ಪಿಸಿ, ಬಿಸಿಲು ನೇರ ಬೀಳದಂತೆ ಕಿಟಕಿಗೆ ತೆಳುವಾದ ಬಟ್ಟೆ ಕಟ್ಟಿದ್ದ. ನೀಲಿ ಫ್ರಾಕನ್ನು ತಾನೇ ಹುಡುಕಿ ತೆಗೆದಿದ್ದ. ಸತ್ಯಮ್ಮ ಆಗಷ್ಟೇ ಇಬ್ಬರಿಗೂ ನೀರು ಹಾಕಿದ್ದಳು. ಇಬ್ಬರ ದಾರವನ್ನೂ ಬಿಚ್ಚಿಟ್ಟಿದ್ದಳು.

“ದಾರ ಎಲ್ಲಿ?” ಎಂದು ಕೇಳಿದ.

“ತೊಯ್ದಿದ್ದವು, ಒಣಗಾಕ ಹಾಕೀನಿ.”

“ಇಬ್ಬರಾಗ ಶರಣಿ ಯಾರು?”

ಸತ್ಯಮ್ಮ ಇಬ್ಬರನ್ನೂ ನೋಡಿದಳು. ಎಡಗಡೆ ಮಲಗಿ ಕಾಲು ಬಡಿಯುತ್ತಿದ್ದದ್ದು ಶರಣಿ. ಅವಳು ಬಗ್ಗಿ ಬಲಗಡೆಯದನ್ನು ಎತ್ತಿಕೊಂಡಳು. “ಇಕಿ,” ಅಂದಳು.

ಅವನು ನಂಬಿದ. ಗೌರಿಗೆ ನೀಲಿ ಫ್ರಾಕು ತೊಡಿಸಿ ಧೋತರದ ಮೇಲೆ ಮಲಗಿಸಿದರು. ಗೌರಿ ಮೊದಲಿನಿಂದಲೂ ಸಮಾಧಾನದ ಕೂಸು. ಅಪ್ಪನ ಮುಖವನ್ನೇ ನೆಟ್ಟ ಕಣ್ಣಿನಿಂದ ನೋಡುತ್ತ, ತುಟಿ ಮುಚ್ಚಿ, ಅಲುಗಾಡದೆ ಮಲಗಿದಳು. ಕೈ ಹಿಡಿಯಬೇಕಾಗಲೇ ಇಲ್ಲ. ಸತ್ಯಮ್ಮ ಗೋಡೆಗೆ ಒರಗಿ ನಿಂತು ನೋಡುತ್ತಿದ್ದಳು. ಹೆತ್ತ ಅಪ್ಪನಿಗೇ ಗೊತ್ತಾಗಲಿಲ್ಲವಲ್ಲ ಎಂದುಕೊಂಡಳು.

“ಎಂಥ ಚಂದ ಬಂದದ ನೋಡು,” ಎಂದು ಹಣಮಂತ್ರಾಯ ಮೊಬೈಲ್ ತೋರಿಸಿದ. ನಿಜಕ್ಕೂ ಚೆನ್ನಾಗಿ ಬಂದಿತ್ತು. ಬಿಳಿಯ ನಡುವೆ ಒಂದೇ ಮುಖ. ಹಿಂದೆ ಮನೆಯಿಲ್ಲ, ಮಗ್ಗುಲಲ್ಲಿ ಅಕ್ಕತಂಗಿಯಿಲ್ಲ, ತಾಯಿಯ ಕೈಯಿಲ್ಲ. ಯಾರ ಕೂಸು ಎಂದು ಹೇಳುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಅವನು ಅದನ್ನು ಕಳಿಸಿ, ಟವೆಲ್ ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಮೂಲೆಯ ಬಚ್ಚಲಿನ ಪರದೆಯ ಹಿಂದೆ ಹೋದ. ಡಬ್ಬಿಯ ಮೇಲಿಟ್ಟಿದ್ದ ಮೊಬೈಲ್ ಒಂದಾದ ಮೇಲೊಂದು ಸದ್ದು ಮಾಡಿತು. ಸತ್ಯಮ್ಮ ಕೈಗೆತ್ತಿಕೊಂಡಳು. ಮಾಲಕ್ಕ ತನ್ನ ದನಿ ಕಳಿಸಿದ್ದಳು. ಒತ್ತಿದಳು.

“ಅಯ್ಯ, ನನ್ನ ಶರಣಿ! ಎಷ್ಟ್ ಚಂದ ಬಂದಾಳ ನನ್ನವ್ವ! ಬಾ ಲಗೂನ, ನಿನ್ನ ತೊಟ್ಲ ತಂದಿಟ್ಟೀನಿ ಇಲ್ಲಿ.”

ಪರದೆಯ ಹಿಂದೆ ನೀರು ಸುರಿಯುವ ಸದ್ದು ಹಠಾತ್ತನೆ ನಿಂತಿತು.

ಅಷ್ಟರಲ್ಲಿ ಫೋನೇ ಬಂತು, ಮುಖ ಕಾಣುವ ಫೋನು. ಸತ್ಯಮ್ಮ ಎತ್ತಿದಳು. ಹಣಮಂತ್ರಾಯ ಒದ್ದೆ ಮೈಯಲ್ಲೇ ಟವೆಲ್ ಸುತ್ತಿಕೊಂಡು ಹೊರಬಂದು ಕೈ ಚಾಚಿದ. ಅವಳು ಕೊಡಲಿಲ್ಲ. ಎದುರಿಗೆ ಮಾಲಾಳ ನಗುಮುಖವಿತ್ತು. ಸತ್ಯಮ್ಮನನ್ನು ಕಂಡು ಆ ನಗು ಇನ್ನೂ ಅರಳಿತು.

“ಸತ್ಯವ್ವಾ! ನಿನ್ನ ಜೋಡಿನೇ ಮಾತಾಡ್ಬೇಕಂತಿದ್ದೆ. ಇವರು ಬ್ಯಾಡ ಬ್ಯಾಡ ಅಂದ್ರು.”

“ಅಕ್ಕಾ, ಆ ಫೋಟೊದಾಗ ಇರೋಳು ಶರಣಿ ಅಲ್ಲ,” ಅಂದಳು ಸತ್ಯಮ್ಮ. “ಗೌರಿ. ನಾ ಬೇಕಂತ್ಲೇ ಬದ್ಲ ಮಾಡೀನಿ.”

ಹಣಮಂತ್ರಾಯ ಚಾಪೆಯ ಮೇಲಿದ್ದ ಮಕ್ಕಳ ಕಡೆ ನೋಡಿದ. ಮಾಲಾ ಏನೂ ತಿಳಿಯದೆ ಕಣ್ಣು ಪಿಳುಕಿಸಿದಳು. “ಯಾಕವ್ವ ಹಂಗ ಮಾಡ್ದಿ? ನಿನಗ ಗೌರಿನ್ನ ಕೊಡಾಕ ಮನಸದೇನು? ಯಾರಾದ್ರೂ ನನಗ ಅಷ್ಟೇ.”

“ನಾ ಯಾರ್ನೂ ಕೊಡಂಗಿಲ್ಲ. ಕೊಡ್ತೀನಂತ ನಿಮಗ ಯಾರ ಹೇಳ್ಯಾರ?”

“ನೀನೇ ಅಂದೀಯಂತಲ್ಲ.” ಮಾಲಾಳ ದನಿ ಸಣ್ಣದಾಯಿತು. “ಇಬ್ಬರಿಗಿ ಸಾಕೋದು ಆಗಂಗಿಲ್ಲ, ಒಬ್ಬಾಕಿಗಿ ಒಯ್ರಿ ಅಂದಾಳಂತ ಇವರು ಹೇಳಿದ್ರು. ತಾಯಿ ಒಪ್ಪ್ಯಾಳೇನು ಅಂತ ನಾ ಕೇಳಿದೆ. ಒಪ್ಪ್ಯಾಳಂದ್ರು.”

ಸತ್ಯಮ್ಮ ಮೊಬೈಲನ್ನು ಚಾಪೆಯ ಮೇಲೆ ಅಂಗಾತ ಇಟ್ಟಳು. ಅದರೊಳಗಿಂದ ಮಾಲಾ “ಸತ್ಯವ್ವಾ, ಸತ್ಯವ್ವಾ” ಎಂದು ಕರೆಯುತ್ತಿದ್ದಳು. ಆಮೇಲೆ ಅದೂ ನಿಂತಿತು.

“ನಾ ಯಾವಾಗ ಅಂದೀನಿ?” ಎಂದು ಗಂಡನನ್ನು ಕೇಳಿದಳು.

ಅವನು ಗೋಡೆ ಹಿಡಿದು ಕೂತ. “ಆಸ್ಪತ್ರ್ಯಾಗ,” ಅಂದ. “ಗೌರಿ ಗಾಜಿನ ಪೆಟಿಗ್ಯಾಗಿದ್ಳು. ಶರಣಿ ನಿನ್ನ ಎದಿ ಹಿಡೀಲಾರದ ಚೀರ್ಲತ್ತಿದ್ಳು. ಯಾರಿಗರೆ ಒಂದ್ ಕೊಟ್ಟಬಿಡ್ರಿ, ನನ್ನ ಕಡಿಂದ ಆಗಂಗಿಲ್ಲ ಅಂದಿ. ಅವತ್ತ ನಾ ಅಣ್ಣಗ ಫೋನ್ ಮಾಡಿ ಅತ್ತೆ. ಅಂವ ಅದೇ ಮಾತು ಹಿಡ್ಕೊಂಡ.”

ಸತ್ಯಮ್ಮನಿಗೆ ಆ ದಿನ ನೆನಪಾಯಿತು. ಜ್ವರ, ಹೊಲಿಗೆಯ ನೋವು, ಒಣಗಿದ ಎದೆ, ನಿದ್ದೆಯಿಲ್ಲದ ಕಣ್ಣಿಗೆ ಎರಡೆರಡಾಗಿ ಕಾಣುತ್ತಿದ್ದ ಟ್ಯೂಬ್‌ಲೈಟು. ಅಂದಿದ್ದಳು. ಹೌದು, ಅಂದಿದ್ದಳು. ಇಷ್ಟು ದಿನ ಗಂಡನ ಜೇಬು, ಫೋನು, ಕಣ್ಣು ಎಲ್ಲವನ್ನೂ ಅನುಮಾನಿಸಿದವಳಿಗೆ ತನ್ನದೇ ಬಾಯಿಯಿಂದ ಬಂದ ಮಾತು ಎದುರಿಗೆ ಬಂದು ಕೂತಿತ್ತು.

“ಅಂದೀನಿ,” ಅಂದಳು. “ಸಾಯ್ತೀನಂತನೂ ಅಂದಿದ್ದೆ ಅವತ್ತ. ಅದಕ್ಯಾಕ ಕುಣಿ ತೋಡಿಸ್ಲಿಲ್ಲ?”

ಅವನು ಅತ್ತ. ಸತ್ಯಮ್ಮ ಅವನು ಅಳುವುದನ್ನು ಎರಡನೆಯ ಸಲ ನೋಡುತ್ತಿದ್ದಳು, ಮೊದಲನೆಯದು ಆಸ್ಪತ್ರೆಯಲ್ಲಿ. “ಬ್ಯಾಡ ಅಂಬಾಕ ಬಾಯಿ ಬರ್ಲಿಲ್ಲ. ಅಂವ ನನಗ ಹೆಗಲ ಮ್ಯಾಲ ಹೊತ್ತಾನ. ಇವತ್ತ ನೀ ಬ್ಯಾಡಂತಿ, ನಾಳಿ ಬ್ಯಾಡಂತಿ, ಫೋಟೊನೇ ಸರಿ ಬರಂಗಿಲ್ಲ, ಹಂಗೇ ದಿನ ಹೋಗ್ತಾವ ಅನ್ಕೊಂಡೆ.”

“ಖರೇ ಹೇಳ್ರಿ. ಫೋಟೊ ಸರಿ ಬಂದಿದ್ರ ನನ್ನ ಮುಂದ ಕಾಗದ ಸಹಿಗಿ ಇಡತಿದ್ರೋ ಇಲ್ಲೋ?”

ಅವನು ಮುಖ ಆಚೆ ತಿರುಗಿಸಿದ. ಸತ್ಯಮ್ಮನಿಗೆ ಉತ್ತರ ಸಿಕ್ಕಿತು.

“ನಿಮ್ಮ ಅಣ್ಣಗ ನೀವೇ ಹೇಳ್ರಿ. ಇಲ್ಲೇ ಕೂತು, ನನ್ನೆದುರಿಗೇ ಹೇಳ್ರಿ. ಗ್ವಾಡಿ ಹಂತ್ಯಾಕ ಹೋಗ್ಬ್ಯಾಡ್ರಿ.”

ಅವನು ಬಟ್ಟೆ ಹಾಕಿಕೊಂಡು ಬಂದು ಅಣ್ಣನಿಗೆ ಫೋನ್ ಹಚ್ಚಿದ. “ಅಣ್ಣಾ, ಕೂಸಿಗಿ ಕೊಡಂಗಿಲ್ಲ. ಅಕಿ ಅಲ್ಲ, ನಾ ಹೇಳ್ಲತ್ತೀನಿ” ಎಂದ. ಆಚೆಯಿಂದ ಚಂದ್ರಾಮ ಕೂಗಾಡಿದ. ಹೆಂಡತಿಯ ಮಾತು ಕೇಳುವವನೆಂದ, ಅಣ್ಣ ಸತ್ತನೆಂದು ತಿಳಿದುಕೋ ಎಂದ, ಫೋನ್ ಇಟ್ಟ. ಹಣಮಂತ್ರಾಯ ಬಹಳ ಹೊತ್ತು ಮೊಬೈಲ್ ಹಿಡಿದುಕೊಂಡೇ ಕೂತಿದ್ದ. ಸತ್ಯಮ್ಮನಿಗೆ ಅವನನ್ನು ನೋಡಿ ಮರುಕ ಬಂತು, ಆದರೆ ಹತ್ತಿರ ಹೋಗಲಿಲ್ಲ. ಮಕ್ಕಳ ದಾರ ಒಣಗಿರಲಿಲ್ಲ, ಹಾಗೇ ಕಟ್ಟಿದಳು.

ಅಣ್ಣತಮ್ಮಂದಿರ ನಡುವೆ ತಿಂಗಳುಗಟ್ಟಲೆ ಮಾತಿರಲಿಲ್ಲ. ಫೋನ್ ಬಂದರೆ ಸತ್ಯಮ್ಮ ಈಗಲೂ ಯಾರದೆಂದು ಕೇಳುತ್ತಿದ್ದಳು. ಅವನೂ ಬೇಸರಿಸದೆ ತೋರಿಸುತ್ತಿದ್ದ. ಮಕ್ಕಳನ್ನು ದಾರ ನೋಡದೆ ಗುರುತಿಸಲು ಅವನು ಪ್ರಯತ್ನಪಡುತ್ತಿದ್ದ. ತಪ್ಪು ಹೆಸರು ಕರೆದಾಗಲೆಲ್ಲ ಹೆಂಡತಿಯ ಕಡೆ ನೋಡಿ ತಲೆ ತಗ್ಗಿಸುತ್ತಿದ್ದ.

ಚಳಿಗಾಲದಲ್ಲಿ ಮಾಲಾ ಒಬ್ಬಳೇ ಬಂದಳು. ಊರಿಗೆ ಹೋಗುವ ಮೊದಲು ಎರಡು ದಿನ ನಿಮ್ಮಲ್ಲಿ ಇರುತ್ತೇನೆಂದಳು. ಬರಬೇಡಿ ಅನ್ನಲು ಸತ್ಯಮ್ಮನಿಗೆ ಆಗಲಿಲ್ಲ. ಆದರೆ ಅವಳಿದ್ದಷ್ಟು ಹೊತ್ತೂ ಕಣ್ಣು ಕೀಳಲಿಲ್ಲ. ನಲ್ಲಿಗೆ ಹೋಗುವಾಗ ಎರಡೂ ಮಕ್ಕಳನ್ನು ಎರಡೂ ಬಗಲಿಗೆ ಏರಿಸಿಕೊಂಡು, ಕೊಡವನ್ನು ಪಕ್ಕದ ಮನೆಯವಳ ಕೈಗೆ ಕೊಟ್ಟು ಹೋದಳು. ಮಾಲಾ ಕೂಸಿಗೆ ಎಣ್ಣೆ ಹಚ್ಚಲು ಕೂತರೆ ತಾನೂ ಮೊರ ಹಿಡಿದು ಎದುರಿಗೇ ಕೂತಳು, ಆರಿಸುವ ಅಕ್ಕಿಯಲ್ಲಿ ಕಲ್ಲಿಲ್ಲದಿದ್ದರೂ.

“ಸತ್ಯವ್ವಾ, ಬಂದಾಗಿಂದ ನಿನ್ನ ಕಣ್ಣು ನನ್ನ ಮ್ಯಾಲೇ ಅದಾವ,” ಅಂದಳು ಮಾಲಾ, ಕೈ ನಿಲ್ಲಿಸದೆ.

“ಹೂಂ ಅಕ್ಕಾ. ಅದಾವ.”

“ಇರ್ಲಿ. ನಾ ಒಂದ್ ಮಾತು ಹೇಳ್ಬೇಕಂತೇ ಬಂದೀನಿ. ನೀ ಒಪ್ಪೀದಿ ಅಂತ ಇವರು ಹೇಳ್ದಾಗ ನನಗ ಪೂರಾ ನಂಬಿಕಿ ಬಂದಿರ್ಲಿಲ್ಲ. ಯಾವ ತಾಯಿ ಒಪ್ತಾಳ? ನಿನಗ ಫೋನ್ ಮಾಡಿ ಕೇಳ್ಬೇಕಾಗಿತ್ತು. ನಿನ್ನ ನಂಬರ್ ನನ್ನ ಕಡಿ ಇತ್ತು.” ಅವಳು ಎಣ್ಣೆಯ ಬಟ್ಟಲನ್ನು ದೂರ ಸರಿಸಿದಳು. “ಕೇಳಿದ್ರ ಇಲ್ಲ ಅಂತಿ ಅಂತ ಕೇಳ್ಲಿಲ್ಲ.”

ಸತ್ಯಮ್ಮನಿಗೆ ಮೈ ಉರಿಯಿತು. ಮೊರ ಕೆಳಗಿಟ್ಟು ಎದ್ದು ನಿಂತಳು. ಬಾಯಿಗೆ ಬಂದದ್ದು ಅಂದುಬಿಡಬೇಕೆನಿಸಿತು. ಮಾಲಾ ತಲೆ ತಗ್ಗಿಸಿ ಕಾಯುತ್ತಿದ್ದಳು, ಅನ್ನಲಿ ಎಂಬಂತೆ. ಇಷ್ಟು ತಿಂಗಳಲ್ಲಿ ತಾನಾಗಿಯೇ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದವಳು ಇವಳೊಬ್ಬಳೇ ಎಂದು ಸತ್ಯಮ್ಮನಿಗೆ ತೋಚಿತು. ಸಿಟ್ಟು ಇಳಿಯಲಿಲ್ಲ. ಆದರೂ ಒಲೆಯ ಹತ್ತಿರ ಹೋಗಿ ಎರಡು ಕಪ್ಪು ಚಹಾ ಮಾಡಿದಳು.

ಮಾಲಾ ಹೊರಟ ದಿನ ಹಣಮಂತ್ರಾಯ ಕೆಲಸಕ್ಕೆ ಹೋಗಿದ್ದ. ಕಲ್ಯಾಣಕ್ಕೆ ಹೋಗಿ ಅವಳು ಊರ ಗಾಡಿ ಹಿಡಿಯಬೇಕಿತ್ತು. ಸತ್ಯಮ್ಮ ಸ್ಟೇಷನ್ ತನಕ ಬಂದಳು. ಸೇತುವೆಯ ಮೆಟ್ಟಿಲ ಬುಡದಲ್ಲಿ ಜನ ನುಗ್ಗುತ್ತಿದ್ದರು. ಎರಡು ಕೂಸುಗಳನ್ನು ಹೊತ್ತು ಹತ್ತುವುದು ಕಷ್ಟವಾಗಿತ್ತು. ಸತ್ಯಮ್ಮ ಸ್ವಲ್ಪ ನಿಂತು ಯೋಚಿಸಿ, ಶರಣಿಯನ್ನು ಮಾಲಾಳ ಕೈಗೆ ಕೊಟ್ಟಳು. ಚೀಲವನ್ನು ತಾನು ತೆಗೆದುಕೊಂಡಳು. ಮಾಲಾ ಮುಂದೆ, ಅವಳು ಹಿಂದೆ. ಹತ್ತಿ ಇಳಿಯುವಷ್ಟೂ ಹೊತ್ತು ಮಾಲಾಳ ಸೀರೆಯ ಹಸಿರು ಅಂಚನ್ನು ಅವಳು ಕಣ್ಣಿನಿಂದ ಬಿಡಲಿಲ್ಲ.

ಪ್ಲಾಟ್‌ಫಾರ್ಮಿಗೆ ಇಳಿದ ಕೂಡಲೇ ಮಾಲಾ ತಿರುಗಿ ನಿಂತು ಕೂಸನ್ನು ಚಾಚಿದಳು.

“ಗಾಡಿ ಇನ್ನಾ ಬಂದಿಲ್ಲ, ಅಕ್ಕಾ,” ಅಂದಳು ಸತ್ಯಮ್ಮ.

“ಇರ್ಲಿ. ಈಗೇ ತಗೋ.”

ಸತ್ಯಮ್ಮ ತೆಗೆದುಕೊಂಡಳು. ಇಬ್ಬರೂ ಲೋಕಲಿಗಾಗಿ ಕಾಯುತ್ತ ನಿಂತರು.